ಅಮ್ಮನ ಪಿಗ್ಮಿ ಪುಸ್ತಕ

ಅಕ್ಕನ ಮಗಳು ಮುಂಬೈಯಿಂದ ಬಂದಿದ್ದಾಳೆ, ಎಕನಾಮಿಕ್ಸ್ ಎಂಎ ಮಾಡಿ ಈಗ ಬ್ಯಾಂಕಿಂಗ್ ಪಾಲಿಸಿ ರಿಸರ್ಚಲ್ಲಿ ಇರುವವಳು. ನಿನ್ನೆ ಉಡುಪಿ ಮನೆಯ ಅಟ್ಟದಲ್ಲಿ ನಮ್ಮಮ್ಮನ ಪಿಗ್ಮಿ ಪುಸ್ತಕ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಬ್ಯಾಂಕಿಗೆ ಕಟ್ಟುವ ಉಳಿತಾಯದ ಪುಸ್ತಕ ಸಿಕ್ತು, ಒಂದೊಂದು ತಾರೀಕಿನ ಎದುರೂ ಏಜೆಂಟರ ಸಣ್ಣ ಸಹಿ, ಮಳೆಗಾಲದ ಪುಟದಲ್ಲಿ ಶಾಯಿ ಹರಡಿದೆ, ಇವಳು ಚಾ ಆರಿದ್ದೂ ಗೊತ್ತಾಗದೆ ಅದನ್ನೇ ನೋಡ್ತಾ ಕೂತ್ಲು ಮಾರಾಯ್ರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್‌ನವರು ಶುರು ಮಾಡಿದ್ದು ಈ ಪಿಗ್ಮಿ, ದಿನಕ್ಕೆ 2 ಆಣೆ ಕೊಟ್ರೂ ಸಾಕಿತ್ತು, ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ರು. "ಚಿಕ್ಕಮ್ಮ, ಬಡವರಿಗೂ ಬ್ಯಾಂಕ್ ಸಿಗ್ಬೇಕು, ಫೈನಾನ್ಶಿಯಲ್ ಇನ್‌ಕ್ಲೂಷನ್ ಅಂತ ನಾವು ಪುಟಗಟ್ಟಲೆ ಬರೀತೇವಲ್ಲ, ಅದು ಇದೇ" ಅಂದ್ಲು. ನಂಗೆ ಗಂಟಲು ಕಟ್ಟಿತು.

ಕೆನರಾ, ಕಾರ್ಪೊರೇಷನ್ ಎರಡೂ 1906, ಕರ್ಣಾಟಕ 1924, ಸಿಂಡಿಕೇಟ್ 1925, ವಿಜಯಾ 1931, ಆಗಿನ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಇವು! 2019, 2020ರ ವಿಲೀನದಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಮೂರರ ಬೋರ್ಡ್ ಇಳಿಯಿತು. ಬ್ಯಾಂಕ್ ದೊಡ್ಡದಾದ್ರೆ ಬಂಡವಾಳ ಗಟ್ಟಿ ಆಗ್ತದೆ ಅಂತ ಅವಳು ವಿವರಿಸಿದ್ಲು, ಸರಿ ಇರಬಹುದು, ಆದ್ರೆ ಮೀನು ಮಾರುವ ಹೆಂಗಸಿನ 10 ರೂಪಾಯಿಗೆ ಬಾಗಿಲವರೆಗೆ ಬರುವವರು ಯಾರುಂಟು ಅಂತ ಕೇಳಿದೆ. ಅವಳ ಮುಂದಿನ ಪೇಪರ್ ಅದ್ರ ಮೇಲೇ ಅಂತೆ, ನಾಳೆ ಮಲ್ಪೆ ಬಂದರಿಗೆ ಹೋಗಿ ಮೀನು ಮಾರುವ ಹೆಂಗಸರನ್ನೆಲ್ಲ ಮಾತಾಡಿಸ್ತಾಳಂತೆ, ನಾನೂ ಒಟ್ಟಿಗೆ ಹೋಗ್ತಿದ್ದೇನೆ.