ಹಗ್ಗ ಸಡಿಲಿಸಲು ಕಲಿತ ಎರಡು ದಿನ

ಹಾಯಿದೋಣಿಗಳನ್ನು ನಾನು ದಡದಲ್ಲಿ ನಿಂತು ನೋಡಿದ್ದೆನೇ ಹೊರತು ಒಂದರಲ್ಲೂ ಕುಳಿತಿರಲಿಲ್ಲ. ಗಾಳಿ ಬೀಸಿದ ಕಡೆಗೆ ದೋಣಿ ಸಾಗುತ್ತದೆ ಎಂಬುದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಕಳೆದ ಶನಿವಾರ ಬೆಳಿಗ್ಗೆ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಂಡು, ನಾಲ್ಕು ಮೀಟರಿಗಿಂತ ತುಸು ಉದ್ದದ ಪುಟ್ಟ ದೋಣಿಯಲ್ಲಿ ತರಬೇತುದಾರರ ಎದುರು ಕುಳಿತ ಮೇಲೆ ಆ ತಿಳಿವಳಿಕೆ ಅರ್ಧ ಗಂಟೆಯೂ ಉಳಿಯಲಿಲ್ಲ.

ನಾವು ಹೊರಟದ್ದೇ ಗಾಳಿ ಬರುತ್ತಿದ್ದ ದಿಕ್ಕಿಗೆ. ಬಾಗಿದ ಹಾಯಿಯ ಎರಡೂ ಮಗ್ಗುಲಲ್ಲಿ ಗಾಳಿ ಹರಿಯುವಾಗ, ವಿಮಾನದ ರೆಕ್ಕೆಯ ಮೇಲೆ ಆಗುವಂತೆಯೇ, ಒಂದು ಕಡೆಗೆ ಸೆಳೆತ ಉಂಟಾಗುತ್ತದೆ. ಆ ಸೆಳೆತದ ಹೆಚ್ಚಿನ ಪಾಲು ದೋಣಿಯನ್ನು ಅಡ್ಡಕ್ಕೆ ತಳ್ಳುತ್ತದೆಯಾದರೂ ತಳದಿಂದ ನೀರಿಗೆ ಇಳಿಬಿಟ್ಟಿರುವ ಸೆಂಟರ್‌ಬೋರ್ಡ್ ಎಂಬ ಹಲಗೆ ಅದನ್ನು ತಡೆಯುವುದರಿಂದ, ಉಳಿದ ಬಲ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಹಾಗೆಂದು ನೇರವಾಗಿ ಗಾಳಿಯ ಮುಖಕ್ಕೇ ನುಗ್ಗಲು ಬರುವುದಿಲ್ಲ. ಸುಮಾರು 45 ಡಿಗ್ರಿಗಿಂತ ಹತ್ತಿರ ಹೋದರೆ ಹಾಯಿ ಪಟಪಟನೆ ಬಡಿದುಕೊಂಡು ದೋಣಿ ನಿಂತೇಬಿಡುತ್ತದೆ. ಆದ್ದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತಾ, ಪ್ರತಿ ತಿರುವಿನಲ್ಲೂ ತಲೆಯ ಮೇಲೆ ಹಾದುಹೋಗುವ, ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡಕೋಲಾದ ಬೂಮ್‌ಗೆ ತಗ್ಗಿ, ಆಚೆ ಬದಿಗೆ ಸರಿದು ಕೂರಬೇಕು.

ಹಾಯಿಯನ್ನು ಹತೋಟಿಯಲ್ಲಿಡುವ ಹಗ್ಗಕ್ಕೆ ಶೀಟ್ ಎನ್ನುತ್ತಾರೆ. ಅದು ನನ್ನ ಕೈಯಲ್ಲಿತ್ತು. ನಾಲ್ಕನೆಯದೋ ಐದನೆಯದೋ ತಿರುವಿನ ನಂತರ, ನೀರಿನ ಮೇಲೆ ಕಪ್ಪು ನೆರಳೊಂದು ನಮ್ಮತ್ತ ಓಡಿಬರುತ್ತಿರುವುದು ಕಂಡಿತು. ಬಿರುಗಾಳಿಯ ಬೀಸೊಂದು ನೀರನ್ನು ಕೆದಕುತ್ತಾ ಬರುವ ಗುರುತು ಅದು ಎಂದು ತರಬೇತುದಾರರು ಹೇಳಿ ಮುಗಿಸುವಷ್ಟರಲ್ಲಿ ದೋಣಿ ಒಂದು ಮಗ್ಗುಲಿಗೆ ವಾಲಿ ಅಂಚಿನ ಮೇಲೆ ನೀರು ನುಗ್ಗಿತು. ಭಯದಲ್ಲಿ ಮನುಷ್ಯ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ: ಹಗ್ಗವನ್ನು ಎರಡೂ ಕೈಗಳಿಂದ ಬಿಗಿಯಾಗಿ ಎಳೆದು ಹಿಡಿದೆ. ಅದರಿಂದ ಹಾಯಿಗೆ ಇನ್ನಷ್ಟು ಗಾಳಿ ಸಿಕ್ಕಿ ದೋಣಿ ಮತ್ತಷ್ಟು ವಾಲಿತು. "ಹಗ್ಗ ಬಿಡಿ" ಎಂದರು ಅವರು, ದನಿ ಏರಿಸದೆ. ಬೆರಳು ಸಡಿಲಿಸಿದೆ. ಹಗ್ಗ ರಾಟೆಯಲ್ಲಿ ಸರ್ರನೆ ಸರಿಯಿತು, ಹಾಯಿ ಖಾಲಿಯಾಯಿತು, ದೋಣಿ ತಾನಾಗಿಯೇ ನೆಟ್ಟಗಾಯಿತು. ಆ ಎರಡು ಸೆಕೆಂಡುಗಳನ್ನು ನಾನು ಬಹುಕಾಲ ಮರೆಯಲಾರೆ.

ಮಧ್ಯಾಹ್ನ ದೋಣಿಯನ್ನು ಬೇಕೆಂದೇ ಮಗುಚಿದರು. ಮಗುಚಿದ ಮೇಲೆ ದೋಣಿಯನ್ನು ಬಿಟ್ಟು ಈಜಿಕೊಂಡು ಹೋಗಬಾರದೆಂಬುದು ಮೊದಲ ನಿಯಮ. ಹಗ್ಗವನ್ನು ಸಡಿಲಿಸಿ, ತಳದ ಕಡೆಗೆ ಈಜಿ, ಹೊರಚಾಚಿದ ಸೆಂಟರ್‌ಬೋರ್ಡ್ ಮೇಲೆ ನಿಂತು, ದೋಣಿಯ ಅಂಚು ಹಿಡಿದು ಹಿಂದಕ್ಕೆ ಮೈ ಚಾಚಬೇಕು. ನೀರು ತುಂಬಿದ ಹಾಯಿ ಮೊದಲು ಕದಲುವುದೇ ಇಲ್ಲ. ಆಮೇಲೆ ಹಾಯಿ ಕಟ್ಟಿರುವ ಕೂವೆಕಂಬ ಬಲು ನಿಧಾನವಾಗಿ ಮೇಲೇಳುತ್ತದೆ. ಹಗ್ಗ ಬಿಗಿಯಾಗಿಯೇ ಉಳಿದಿದ್ದರೆ ಎದ್ದ ದೋಣಿ ಗಾಳಿ ಹಿಡಿದು ಮತ್ತೆ ಮಗುಚಿಕೊಳ್ಳುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಆದದ್ದೂ ಅದೇ.

ರಾತ್ರಿ ಹತ್ತು ಮೀಟರ್ ಉದ್ದದ ದೊಡ್ಡ ಹಾಯಿದೋಣಿಯಲ್ಲಿ, ಲಂಗರು ಹಾಕಿ ಮಲಗಿದೆವು. ನೀರಿನ ಆಳ ನಾಲ್ಕು ಮೀಟರ್ ಇದ್ದರೂ ಇಪ್ಪತ್ತು ಮೀಟರಿಗೂ ಹೆಚ್ಚು ಸರಪಳಿ ಬಿಟ್ಟದ್ದು ನನಗೆ ಅಚ್ಚರಿ ತಂದಿತ್ತು. ಸರಪಳಿ ಉದ್ದವಾಗಿದ್ದರೆ ಸೆಳೆತ ನೆಲಕ್ಕೆ ಸಮಾನಾಂತರವಾಗಿ ಬಿದ್ದು ಲಂಗರು ಆಳಕ್ಕೆ ನಾಟುತ್ತದೆ, ಗಿಡ್ಡವಾದರೆ ಮೇಲಕ್ಕೆ ಎಳೆದು ಕಿತ್ತುಬರುತ್ತದೆ. ನಡುರಾತ್ರಿ ಎಚ್ಚರವಾದಾಗ ಮೇಲೆ ಹತ್ತಿ, ಸಂಜೆ ಗುರುತಿಟ್ಟುಕೊಂಡಿದ್ದ ದಡದ ಎರಡು ದೀಪಗಳನ್ನು ನೋಡಿದೆ. ದೋಣಿ ಗಾಳಿಗೆ ತಕ್ಕಂತೆ ತೂಗಿದಾಗ ಅವು ಒಂದಕ್ಕೊಂದು ದೂರವಾಗಿ, ಮತ್ತೆ ಒಂದೇ ಸಾಲಿಗೆ ಬರುತ್ತಿದ್ದವು. ಲಂಗರು ಜಾರಿಲ್ಲವೆಂದು ತಿಳಿದು ನೆಮ್ಮದಿಯಾಯಿತು. ಆದರೂ ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ಭಾನುವಾರ ಚುಕ್ಕಾಣಿ ನನ್ನ ಕೈಗೆ ಬಂತು. ನಮ್ಮ ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಎಂಜಿನ್ ನಿಲ್ಲಿಸಿದ ಮೇಲೆ ದೋಣಿಯ ಬದಿಗೆ ಉಜ್ಜಿಕೊಂಡು ಹರಿಯುವ ನೀರಿನ ಸದ್ದನ್ನು ಕೇಳುತ್ತಿದ್ದವರಿಗೆ ಆ ವೇಗ ಕಡಿಮೆಯೆನಿಸಲು ಸಾಧ್ಯವೇ ಇಲ್ಲ. ಎದುರಿಗೆ ಇನ್ನೊಂದು ಹಾಯಿದೋಣಿ ಬಂತು. ಅದಕ್ಕೆ ಗಾಳಿ ಬಲ ಮಗ್ಗುಲಿನಿಂದಲೂ ನಮಗೆ ಎಡ ಮಗ್ಗುಲಿನಿಂದಲೂ ಬೀಸುತ್ತಿದ್ದುದರಿಂದ, ನಿಯಮದಂತೆ ದಾರಿ ಬಿಡಬೇಕಾದವರು ನಾವು. ನಾನು ಅದರ ಹಿಂಬದಿಗೆ ತಿರುಗಿಸಿದೆ.

ಹಾಯಿದೋಣಿಗೆ ಬ್ರೇಕ್ ಇರುವುದಿಲ್ಲ. ಸಂಜೆ ದೋಣಿಯನ್ನು ಬೋಯಿಗೆ, ಅಂದರೆ ದೋಣಿ ಕಟ್ಟಲೆಂದೇ ನೀರಿನಲ್ಲಿ ತೇಲಿಬಿಟ್ಟಿರುವ ಬುರುಡೆಗೆ, ಕಟ್ಟಲು ಬಂದಾಗ ಮೊದಲ ಸಲ ವೇಗ ಹೆಚ್ಚಾಗಿ ಅದನ್ನು ದಾಟಿಹೋದೆ. ಎರಡನೆಯ ಸಲ ಇನ್ನೂ ದೂರವಿರುವಾಗಲೇ ಗಾಳಿಯ ಮುಖಕ್ಕೆ ತಿರುಗಿಸಿ, ಯಾರೂ ಹೇಳುವ ಮುನ್ನವೇ ಹಗ್ಗಗಳನ್ನು ಬಿಟ್ಟುಕೊಟ್ಟೆ. ಹಾಯಿಗಳು ಪಟಪಟನೆ ಬಡಿದುಕೊಂಡವು. ದೋಣಿ ನಿಧಾನಿಸುತ್ತಾ ಹೋಗಿ ಬೋಯಿಯ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತಿತು.