ಬಿ-3ರಲ್ಲಿ ಒಂದು ಹನಿ

7 ಆಗಸ್ಟ್ 2025, ಗುರುವಾರ, ರಾತ್ರಿ

ದೊಡ್ಡ ಸಾಹೇಬರು ಮಧ್ಯಾಹ್ನ ಡಿಜಿ ಹೌಸಿಗೆ, ಅಂದರೆ ಕಾರ್ಖಾನೆಯ ಡೀಸೆಲ್ ಜನರೇಟರ್ ಇರುವ ಕಟ್ಟಡಕ್ಕೆ, ಬಂದು ಎರಡೇ ನಿಮಿಷ ನಿಂತರು. ಹೋಗುವಾಗ ಒಂದು ಮಾತು ಹೇಳಿದರು. "ಹೆಂಗೂ ಇಷ್ಟು ಬಿಚ್ಚೀರಿ, ಮೇನ್ ಬೇರಿಂಗೂ ತೆಗೆದು ನೋಡಿಬಿಡ್ರಿ. ಶಟ್‌ಡೌನ್ ಅಂತೂ ಅದ." ಮೇನ್ ಬೇರಿಂಗ್ ಅಂದರೆ ಕ್ರ್ಯಾಂಕ್, ಪಿಸ್ಟನ್‌ಗಳು ತಿರುಗಿಸುವ ಆ ದಪ್ಪ ದಂಡ, ಕೂತು ತಿರುಗುವ ಜಾಗ. ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಊಟ ಆಯಿತು, ಮಗಳು ಮಲಗಿದಳು. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೀತಾ ಕೂತಿದ್ದೀನಿ.

ನಮ್ಮ ಹಳೇ ಡಿಜಿ ನಿಮಗೆ ಗೊತ್ತೇ ಇದೆ. ಹದಿನಾರು ಸಿಲಿಂಡರ್, ಎ ಸಾಲು ಎಂಟು, ಬಿ ಸಾಲು ಎಂಟು, ನಿಮಿಷಕ್ಕೆ 750 ಸುತ್ತಿನದು. ಒಂದು ಕಾಲಕ್ಕೆ ಹಗಲು ರಾತ್ರಿ ಓಡಿ ಇಡೀ ಕಾರ್ಖಾನೆ ಸಾಕಿದ ಎಂಜಿನ್. ಈಗ ಅದಕ್ಕೆ ಕೆಲಸವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ತೆಗೆದು ಹಾಕುವ ಹಾಗೂ ಇಲ್ಲ. ಕರೆಂಟ್ ಹೋದರೂ ಕಿಲ್ನ್, ಸಿಮೆಂಟಿನ ಮಾಲು ಸುಡುವ ಉದ್ದನೆಯ ತಿರುಗೋ ಕುಲುಮೆ, ತಿರುಗಲೇಬೇಕಲ್ಲ. ಒಳಗೆ 1450 ಡಿಗ್ರಿ ಬಿಸಿಯ ಮಾಲು ಇರುವಾಗ ಅದು ಸುಮ್ನೆ ನಿಂತುಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತೆ. ಮಳೆ ಬಿದ್ದರಂತೂ ಮೇಲಿನ ಭಾಗ ಮಾತ್ರ ತಣ್ಣಗಾಗಿ ಇನ್ನೂ ಕೆಟ್ಟದಾಗಿ ಬಾಗುತ್ತೆ, ಒಂದು ನಿಮಿಷವೂ ನಿಲ್ಲಿಸದೆ ನಿಧಾನಕ್ಕೆ ತಿರುಗಿಸುತ್ತಲೇ ಇರಬೇಕು. ಹಾಗಾಗಿ ವರ್ಷಪೂರ್ತಿ ಈ ಎಂಜಿನ್ ಬೆಚ್ಚಗೆ ಕೂತಿರುತ್ತೆ. ದಿನಾ ಆಯಿಲ್ ಪಂಪ್ ಮಾಡಿ ಕೈಯಿಂದ ನಾಲ್ಕು ಸುತ್ತು ತಿರುಗಿಸ್ತೀವಿ. ವಾರಕ್ಕೊಮ್ಮೆ ಲೋಡ್ ಕೊಟ್ಟು ಓಡಿಸ್ತೀವಿ. ಲೋಡ್ ಇಲ್ಲದೆ ಖಾಲಿ ಓಡಿಸಿದರೆ ಡೀಸೆಲ್ ಪೂರ್ತಿ ಸುಡದೆ ಇಂಜೆಕ್ಟರ್ ಮೂತಿಗೆ ಮಸಿ ಕಟ್ಟುತ್ತೆ, ಸೈಲೆನ್ಸರಿನಿಂದ ಎಣ್ಣೆ ಸೋರುತ್ತೆ. ಇದನ್ನು ಹೊಸ ಹುಡುಗರಿಗೆ ಹೇಳಿ ಹೇಳಿ ಬಾಯಿ ನೋಯುತ್ತೆ.

ಈ ಸಲ ಶುರುವಾಗಿದ್ದು ಒಂದು ಹನಿ ನೀರಿನಿಂದ. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ, ಅದರ ಹೊರಗೆ ತಣ್ಣಗಿಡೋ ನೀರು. ಅದರ ಕೆಳಗಡೆ ಓ-ರಿಂಗ್ ಅನ್ನೋ ರಬ್ಬರ್ ಬಳೆ ಎರಡು ಇರುತ್ತವೆ, ಅವೆರಡರ ನಡುವೆ ಬ್ಲಾಕಿಗೆ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಮೇಲಿನ ರಿಂಗ್ ಸೋತರೆ ನೀರು ಕೆಳಗೆ ಎಣ್ಣೆಗೆ ಇಳಿಯುವ ಮೊದಲೇ ಹೊರಗೆ ಬಂದು ಸುಳಿವು ಕೊಡಲಿ ಅಂತ. ಬಿ-3ರ ತೂತಿನ ಬಾಯಲ್ಲಿ ಒಂದು ಹನಿ ಕೂತಿತ್ತು. ಒರೆಸಿದರೆ ಸಂಜೆಗೆ ಮತ್ತೆ ಹಾಜರು. ಎಣ್ಣೆಯನ್ನು ಹಾಟ್ ಪ್ಲೇಟ್ ಮೇಲೆ ಹನಿಸಿ ನೋಡಿದೆವು. ನೀರು ಸೇರಿದ್ದರೆ ಚಟಪಟ ಅನ್ನಬೇಕು. ಏನೂ ಅನ್ನಲಿಲ್ಲ, ಸುಮ್ನೆ ಹರಡಿಕೊಂಡು ಹೊಗೆಯಾಡಿತು. ಅಂದರೆ ಕೆಳಗಿನ ರಿಂಗ್ ಇನ್ನೂ ಹಿಡಿದಿದೆ. ರಬ್ಬರಿಗೆ ಎಂಜಿನ್ ಎಷ್ಟು ಗಂಟೆ ಓಡಿತು ಅನ್ನೋದು ಗೊತ್ತಾಗಲ್ಲ ನೋಡಿ. ಓಡಿದರೂ ನಿಂತರೂ ಅದಕ್ಕೆ ವಯಸ್ಸಾಗುತ್ತಲೇ ಇರುತ್ತೆ.

ಇವತ್ತು ಆ ಲೈನರ್ ಎಳೆದು ಹೊರಗೆ ತೆಗೆದೆವು. ನಮ್ಮ ಹಿರಿಯ ಮಿಸ್ತ್ರಿ ಗೇಜ್ ಕಾಕಾ ಅದನ್ನು ಮರದ ದಿಮ್ಮಿ ಮೇಲೆ ಮಲಗಿಸಿ, ಬಟ್ಟೆಯಿಂದ ಒರೆಸಿ, ಒಳಗೆ ಟಾರ್ಚ್ ಬಿಟ್ಟರು. ಲೈನರ್ ಮಾಡುವಾಗ ಉಜ್ಜಿ ಮೂಡಿಸಿದ ಹೋನಿಂಗ್ ಗೆರೆಗಳು ಇನ್ನೂ ಅಡ್ಡಡ್ಡ ಕಾಣುತ್ತಿದ್ದವು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದರು. ಪಿಸ್ಟನ್ನಿನ ಮೇಲಿನ ರಿಂಗ್ ತಿರುಗಿ ವಾಪಸ್ ಹೊರಡುವ ಜಾಗದಲ್ಲೇ ಸವಕಳಿ ಜಾಸ್ತಿ ಇರುತ್ತೆ. ಅಲ್ಲೂ ಲಿಮಿಟ್ಟಿಗೆ ಬಹಳ ದೂರ ಇತ್ತು. ನನಗೆ ಖುಷಿಯಾಯಿತು. ಕಾಕಾ ಏನೂ ಮಾತಾಡದೆ ಲೈನರನ್ನು ಅರ್ಧ ಸುತ್ತು ಉರುಳಿಸಿದರು.

ಹೊರಮೈ ನೋಡಿ ಎದೆ ಧಸಕ್ಕೆಂದಿತು. ಪಿಸ್ಟನ್ ಒತ್ತುವ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ, ಗೆದ್ದಲು ಹತ್ತಿದ ಕಟ್ಟಿಗೆಯ ಹಾಗೆ ತೂತು ತೂತು. ಕಾಕಾ ತಮ್ಮ ಟೂಲ್ ಡಬ್ಬಿಯಿಂದ ಹೊಲಿಗೆ ಸೂಜಿ ತೆಗೆದು ಒಂದು ತೂತಿಗೆ ಇಟ್ಟರು. ಅರ್ಧ ಸೂಜಿ ಒಳಗೆ ಹೋಗಲಿಲ್ಲ ಬಿಡಿ, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಆಳ ಹೋಯಿತು. ಪಿಸ್ಟನ್ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಡಿದಾಗೆಲ್ಲ ಲೈನರ್ ನಡುಗುತ್ತೆ. ಆ ನಡುಕಕ್ಕೆ ಹೊರಗಿನ ನೀರಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಅಲ್ಲೇ ಒಡೆಯುತ್ತೆ. ಒಡೆದ ಕಡೆ ಕಬ್ಬಿಣ ಕಿತ್ತು ಬರುತ್ತೆ. ನೀರಿಗೆ ಸರಿಯಾಗಿ ಕೆಮಿಕಲ್ ಹಾಕಿದ್ದರೆ ಲೈನರ್ ಮೇಲೆ ಒಂದು ತೆಳು ಪೊರೆ ಕೂತು ಇದನ್ನು ತಡೆಯುತ್ತೆ. ನಾವು ಒಂದು ಬೇಸಿಗೆ ಪೂರ್ತಿ ನೀರಿನ ಗಡಸು ತೆಗೆಯೋ ಸಾಫ್ಟ್‌ನರ್ ಕೆಟ್ಟಿದೆ ಅಂತ ಬೋರ್ ನೀರನ್ನೇ ಟಾಪ್ ಅಪ್ ಮಾಡಿದ್ದು ಲಾಗ್ ಬುಕ್ಕಿನಲ್ಲಿ ಇದೆ. ಯಾರ ಶಿಫ್ಟು ಅಂತ ಕೇಳಬೇಡಿ. ನಮ್ಮ ಕಡೆ ನೆಲದಡಿ ಎಲ್ಲ ಸುಣ್ಣದ ಕಲ್ಲು, ಅದಕ್ಕೇ ತಾನೇ ಇಷ್ಟು ಸಿಮೆಂಟ್ ಕಾರ್ಖಾನೆಗಳು ಇಲ್ಲಿ ಬಂದಿದ್ದು. ಆ ನೀರನ್ನು ಎಂಜಿನಿಗೆ ಕುಡಿಸಿದರೆ ಏನಾಗುತ್ತೆ ಅಂತ ತಿಳಿಯೋಕೆ ಮನೆಯ ಗೀಸರ್ ಒಮ್ಮೆ ಬಿಚ್ಚಿ ನೋಡಿ, ಸಾಕು.

ಅಂದರೆ ಎಂಜಿನ್ ಒಳಗಿನಿಂದ ಗಟ್ಟಿ ಇದೆ, ಕೆಟ್ಟಿರೋದು ನೀರಿನ ಕಡೆ. ಹದಿನಾರೂ ಲೈನರ್ ತೆಗೆದು ನೋಡಬೇಕು, ಇದರಲ್ಲಿ ಎರಡು ಮಾತಿಲ್ಲ. ಸಾಹೇಬರು ಬಂದಿದ್ದು ಆ ಹೊತ್ತಿಗೇ.

ಅವರು ಹೋದ ಮೇಲೆ ಕಾಕಾ ಪಾನಾ ಕೆಳಗಿಟ್ಟರು. "ಬೇರಿಂಗ್ ಬ್ಯಾಡ ತಮ್ಮಾ."

ನಾಲ್ಕು ಜನರ ಎದುರು ನಾನು ಅವರಿಗೆ ಸಾಹೇಬ. ಇಬ್ಬರೇ ಇದ್ದಾಗ ತಮ್ಮ. ತಮ್ಮಾ ಅಂದರು ಅಂದರೆ ವಿಷಯ ಗಂಭೀರ ಇದೆ ಅಂತ ಅರ್ಥ.

"ಯಾಕ ಕಾಕಾ? ತೆಗೆದು ನೋಡಿದ್ರ ಮನಸ್ಸಿಗೆ ಸಮಾಧಾನ ಅಲ್ಲೇನು?"

"ಯಾರ ಮನಸ್ಸಿಗೆ? ನಿನ್ನೆ ಡಿಫ್ಲೆಕ್ಷನ್ ತಗೊಂಡೀವಿ. ಹೋದ ವರ್ಷದ್ದೂ ಅದ, ಅದರ ಹಿಂದಿನ ವರ್ಷದ್ದೂ ಅದ. ಮೂರೂ ಬಾಜೂಕ ಇಟ್ಟು ನೋಡು."

ನೋಡಿದೆ. ಡಿಫ್ಲೆಕ್ಷನ್ ಅಂದರೆ ಕ್ರ್ಯಾಂಕ್ ಎಷ್ಟು ಬಾಗುತ್ತೆ ಅನ್ನೋ ಅಳತೆ. ಕ್ರ್ಯಾಂಕಿನ ಎರಡು ವೆಬ್‌ಗಳ, ಅಂದರೆ ತೋಳುಗಳ, ನಡುವೆ ಡಯಲ್ ಗೇಜ್ ಸಿಕ್ಕಿಸಿ, ಎಂಜಿನನ್ನು ನಿಧಾನ ತಿರುಗಿಸುತ್ತ ಐದು ಕಡೆ ರೀಡಿಂಗ್ ತಗೊಳ್ತಾರೆ. ಪೂರ್ತಿ ಕೆಳಗೆ ಬಂದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಡ್ಡ ಬರುತ್ತೆ, ಅದಕ್ಕೆ ಅಲ್ಲಿ ಒಂದರ ಬದಲು ಆಚೆ ಈಚೆ ಎರಡು. ಬೇರಿಂಗ್ ಒಂದು ಕೆಳಗೆ ಕೂತಿದ್ದರೆ ಕ್ರ್ಯಾಂಕ್ ಅಲ್ಲಿ ಬಾಗಿ, ವೆಬ್‌ಗಳು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚುತ್ತವೆ. ಮೂರು ವರ್ಷದ ಕಾಗದ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಅಷ್ಟೆ. ಆಯಿಲ್ ಪ್ರೆಶರ್ ಬಿದ್ದಿಲ್ಲ. ಫಿಲ್ಟರ್ ಕತ್ತರಿಸಿ ನೋಡಿದರೂ ಹೊಳೆಯೋ ಚೂರು ಸಿಕ್ಕಿಲ್ಲ.

ಇಷ್ಟು ವಯಸ್ಸಾದ ಮಿಸ್ತ್ರಿ ಅಂದರೆ ಕಬ್ಬಿಣದ ರಾಡ್ ಕಿವಿಗೆ ಹಚ್ಚಿ ಎಂಜಿನಿನ ಜಾತಕ ಹೇಳೋರು ಅಂತ ಎಲ್ಲ ಅಂದುಕೊಳ್ತಾರೆ. ನಮ್ಮ ಕಾಕಾ ಉಲ್ಟಾ. ಕಿವಿ ನಂಬಲ್ಲ. ಎಲ್ಲದಕ್ಕೂ ಗೇಜ್ ಬೇಕು, ಬರೆದಿಡಬೇಕು, ಮೊಬೈಲಿನಲ್ಲಿ ಫೋಟೋ ಬೇಕು. ಬೇರಿಂಗ್ ಕ್ಯಾಪ್ ನಂಬರಿನ ಫೋಟೋಗಳು ಅವರ ಮೊಮ್ಮಗಳ ಫೋಟೋಗಳ ನಡುವೆ ಸೇರಿಕೊಂಡಿವೆ. "ಸೌಂಡ್ ಚೇಂಜ್ ಆಗ್ಯದ ಸರ್" ಅಂತ ಬರೋರು ನಮ್ಮ ಹೊಸ ಹುಡುಗರೇ.

ಚಹಾ ಬಂತು. ಹಿಂದೆ ಎಲ್ಲೋ ಓದಿದ್ದನ್ನು ಕಾಕಾಗೆ ಹೇಳಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಕೋಸ್ಟಲ್ ಕಮಾಂಡ್ ವಿಮಾನಗಳು ಸಮುದ್ರದ ಮೇಲೆ ಜಲಾಂತರ್ಗಾಮಿ ಹುಡುಕುತ್ತಿದ್ದವು. ಇರೋ ವಿಮಾನಗಳಲ್ಲಿ ಬಹಳಷ್ಟು ರಿಪೇರಿಗೇ ನಿಂತಿರುತ್ತಿದ್ದವು. ಇದನ್ನು ಲೆಕ್ಕ ಹಾಕಿ ನೋಡಿದವರಲ್ಲಿ ವಾಡಿಂಗ್ಟನ್ ಅಂತ ಒಬ್ಬರು, ಅವರು ಜೀವಶಾಸ್ತ್ರದವರು, ಎಂಜಿನ್ ಮಿಸ್ತ್ರಿ ಅಲ್ಲ. ಪ್ರತಿ 50 ಗಂಟೆ ಹಾರಾಟಕ್ಕೆ ಒಂದು ಸರ್ವಿಸ್ ಇತ್ತು. ಸರ್ವಿಸ್ ಆದ ಮೇಲೆ ಕೆಡೋದು ಕಡಿಮೆ ಆಗಬೇಕಲ್ವಾ? ಆಗಿದ್ದು ಬೇರೆ. ಸರ್ವಿಸ್ ಮುಗಿದ ಕೂಡಲೇ ಕೆಡೋದು ಜಾಸ್ತಿ, ಆಮೇಲೆ ದಿನ ಹೋದ ಹಾಗೆ ಕಡಿಮೆ. ಸರ್ವಿಸ್ ನಡುವಿನ ಅಂತರ ಹೆಚ್ಚಿಸಿ, ಬೇಡದ ಕೆಲಸ ಕೈಬಿಟ್ಟಾಗ ಹಾರೋ ವಿಮಾನಗಳು ಜಾಸ್ತಿಯಾದವು.

ಕಾಕಾಗೆ ಆಶ್ಚರ್ಯವೇ ಆಗಲಿಲ್ಲ. "ಆ ಮನುಷ್ಯ ಡಿಜಿ ಹೌಸಿಗೆ ಬಂದಿದ್ರ ಒಂದೇ ದಿನದಾಗ ಗೊತ್ತಾಗ್ತಿತ್ತು" ಅಂದರು. ಆಮೇಲೆ ಹಳೇ ಕಥೆ ಒಂದು ತೆಗೆದರು. ಅವರು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹೀಗೇ ಸುಮ್ನೆ ನೋಡೋಣ ಅಂತ ಬೇರಿಂಗ್ ತೆಗೆದಿದ್ದರಂತೆ. ಶೆಲ್, ಅಂದರೆ ಬೇರಿಂಗಿನ ಒಳಗಿನ ಚಿಪ್ಪು, ಚೆನ್ನಾಗಿಯೇ ಇತ್ತು. ವಾಪಸ್ ಹಾಕುವಾಗ ಯಾರೋ ಆಯಿಲ್ ತೂತಿನ ಹತ್ತಿರ ಕಾಟನ್ ವೇಸ್ಟಿನಿಂದ ಒರೆಸಿದ್ದಾರೆ. ಒಂದು ಎಳೆ ಒಳಗೆ ಉಳಿಯಿತು. ಎಂಜಿನ್ ಲೋಡ್ ತಗೊಂಡು ಸ್ವಲ್ಪ ಹೊತ್ತಿಗೆ ಆ ಬೇರಿಂಗ್ ಎಣ್ಣೆ ಕಾಣದೆ ಹಿಡಿದುಕೊಂಡಿತು, ಕ್ರ್ಯಾಂಕ್ ಜರ್ನಲ್, ಬೇರಿಂಗಿನೊಳಗೆ ತಿರುಗೋ ಭಾಗ, ಬಿಸಿಗೆ ನೀಲಿಯಾಯಿತು. "ಶೆಲ್ ಹೊಸಾದು ಸಿಗ್ತದ ತಮ್ಮಾ. ಕ್ರ್ಯಾಂಕ್ ಎಲ್ಲಿಂದ ತರ್ತಿ?" ಅವತ್ತಿನಿಂದ ಅವರ ಕೈಕೆಳಗೆ ಯಾರೂ ಕಾಟನ್ ವೇಸ್ಟ್ ಮುಟ್ಟುವ ಹಾಗಿಲ್ಲ, ಹಳೇ ಧೋತರದ ಬಟ್ಟೆಯೇ ಆಗಬೇಕು, ಅದೂ ಎಣಿಸಿ ಕೊಟ್ಟು ಎಣಿಸಿ ವಾಪಸ್.

ಸರಿ, ಹಾಗಾದರೆ ಕೈ ಹಚ್ಚದೇ ಇರೋದೇ ಒಳ್ಳೇದು ಅಂತ ನಾನು ಲೋಟ ಕೆಳಗಿಡೋಷ್ಟರಲ್ಲಿ ಮನುಷ್ಯ ಪೂರಾ ತಿರುಗಿಬಿಟ್ಟರು.

"ರಾಡ್ ಬೋಲ್ಟ್ ಅಷ್ಟೂ ಹೊಸಾವು ತರಿಸ್ರಿ. ಒಂದೂ ಹಳೇದು ಬ್ಯಾಡ."

ಹೆಲ್ಪರ್ ಹುಡುಗ ಬಂದಿದ್ದ, ಅದಕ್ಕೆ ರೀ ಸೇರಿತ್ತು.

"ಅವೂ ಚಲೋ ಅವ ಅಲ್ರಿ ಕಾಕಾ? ಉದ್ದ ಅಳೆದೀವಿ, ಥ್ರೆಡ್ ನೋಡೀವಿ."

"ಚಲೋ ಕಾಣ್ತಾವ. ಮುರಿಯೋ ಹಿಂದಿನ ದಿನಾನೂ ಹಿಂಗೇ ಚಲೋ ಕಾಣ್ತಾವ."

ಅಲ್ಲೇ ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕಿನ ಎಂಜಿನ್, ಎರಡು ಸುತ್ತಿಗೊಮ್ಮೆ ಹೊಗೆ ದೂಡಿ ಪಿಸ್ಟನ್ ಮೇಲೆ ಹೋಗಿ ನಿಲ್ಲುವಾಗ ಅದರ ಪೂರ್ತಿ ಎಳೆತ ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡೋ ಈ ಬೋಲ್ಟುಗಳ ಮೇಲೆ. ತಡೆಯೋಕೆ ಆಗ ಮೇಲೆ ಗ್ಯಾಸಿನ ಒತ್ತಡವೂ ಇರಲ್ಲ. 750 ಸುತ್ತಿಗೆ ನಿಮಿಷಕ್ಕೆ 375 ಸಲ. ಗಂಟೆಗೆ 22,500. 12,000 ಗಂಟೆ ಓಡಿದರೆ 27 ಕೋಟಿ ಸಲ. ಲೈನರ್ ಸವೆದರೆ ಬೋರ್ ಗೇಜ್ ಹೇಳುತ್ತೆ, ಬೇರಿಂಗ್ ಕೂತರೆ ಡಯಲ್ ಹೇಳುತ್ತೆ. ಬೋಲ್ಟ್ ಒಳಗೆ ದಣಿದಿದ್ದರೆ ನಮ್ಮ ಡಬ್ಬಿಯಲ್ಲಿರೋ ಯಾವ ಗೇಜೂ ಹೇಳಲ್ಲ. ಕ್ರ್ಯಾಕ್ ಕಾಣಿಸಿದ ಮೇಲೆ ಟೈಮು ಇರೋದೇ ಇಲ್ಲ. ಒಂದು ಬೋಲ್ಟ್ ಹೋದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತೆ. ಹಾಗಾಗಿ ಅಲ್ಲಿ ಮಾತ್ರ ಕಂಪನಿ ಪುಸ್ತಕ ಹೇಳಿದಷ್ಟು ಗಂಟೆ ಓಡಿದ ಮೇಲೆ ಬದಲಾಯಿಸಲೇಬೇಕು.

ಈಗ ನೋಡಿ ನನ್ನ ಫಜೀತಿ. ಸಾಹೇಬರಿಗೆ ಏನಂತ ಬರೀಲಿ? ಕಣ್ಣಿಗೆ ಕಾಣದ ಬೇರಿಂಗ್ ಮುಟ್ಟಲ್ಲ, ಚೆನ್ನಾಗಿ ಕಾಣೋ ಬೋಲ್ಟಿಗೆ ದುಡ್ಡು ಕೊಡಿ ಅಂತ? ಬೋಲ್ಟಿನ ರೇಟ್ ನೋಡಿದರೆ ಪರ್ಚೇಸಿನವರು ನನ್ನನ್ನೇ ಗೇಟಿನ ಹೊರಗೆ ಹಾಕ್ತಾರೆ. ಬೇರಿಂಗ್ ತೆಗೆಯೋಕೆ ಖರ್ಚಿಲ್ಲ, ಬರೀ ಕೂಲಿ, ಅದಕ್ಕೇ ಎಲ್ಲರಿಗೂ ಅದು ಸಲೀಸು.

ಬಸ್ಸಿನಲ್ಲಿ ಬರುವಾಗ ಮಳಖೇಡದ ಹತ್ತಿರ ಕಾಗಿಣಾ ಕೆಂಪಗೆ ತುಂಬಿ ಹರೀತಿತ್ತು. ಪಕ್ಕದ ಸೀಟಿನ ಎಲೆಕ್ಟ್ರಿಕಲ್‌ನವನು ಕೋಟೆ ಕಡೆ ಕೈ ತೋರಿಸಿ, ರಾಷ್ಟ್ರಕೂಟರ ರಾಜಧಾನಿಗೆ ಮೇಂಟೆನೆನ್ಸ್ ಯಾರು ಮಾಡ್ತಿದ್ದರೋ ಅಂದ. ನಗು ಬಂತು. ಇಡೀ ದಿನದಲ್ಲಿ ಅದೊಂದೇ ಸಲ ನಕ್ಕಿದ್ದು ಅನ್ಸುತ್ತೆ.

ಮನೆಯಲ್ಲಿ ಪುಂಡಿ ಪಲ್ಯ, ರೊಟ್ಟಿ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಬೇಕು, ಶ್ರಾವಣದಲ್ಲಿ ಒಂದು ವಾರನಾದ್ರೂ ಬರ್ರಿ ಅಂತ ಇವಳು ಹೇಳಿದಳು. ಹೂಂ ಅಂದೆ. ಸೋಮವಾರಕ್ಕೆ ಸಿಲಿಂಡರ್ ಹೆಡ್‌ಗಳು ವಾಪಸ್ ಬರಬೇಕು, ಅದನ್ನು ಹೇಳಿಲ್ಲ.

ಈಗ ತಾನೇ ಸಾಹೇಬರ ಮೆಸೇಜ್ ಬಂತು. "ಸ್ಟೋರಿನಾಗ ಮೇನ್ ಶೆಲ್ ಎಷ್ಟು ಸೆಟ್ ಅದಾವ?" ಅಂದರೆ ಅವರು ಮರೆತಿಲ್ಲ. ಒಂಬತ್ತು ಮೇನ್ ಬೇರಿಂಗಿನಲ್ಲಿ ಒಂದನ್ನು ಮಾತ್ರ ಸ್ಯಾಂಪಲ್ ತೆಗೆದು ತೋರಿಸ್ತೀವಿ, ಬದಲಿಗೆ ಬೋಲ್ಟಿನ ಇಂಡೆಂಟಿಗೆ (ಖರೀದಿ ಕೋರಿಕೆಗೆ) ಸಹಿ ಮಾಡಿ ಅಂದರೆ ಒಪ್ಪಬಹುದು. ಕಾಕಾ ಒಂದಕ್ಕೂ ಮುಖ ಗಂಟು ಹಾಕ್ತಾರೆ, ಗೊತ್ತು. ಒಂದೇ ತೆಗೆಯೋದು ಅಂದರೆ ಯಾವುದು? ಡಿಫ್ಲೆಕ್ಷನ್ ಎಲ್ಲಕ್ಕಿಂತ ಜಾಸ್ತಿ ಇರೋದು ಜನರೇಟರ್ ಕಡೆಯ ಥ್ರೋನಲ್ಲಿ, ಅಂದರೆ ಕ್ರ್ಯಾಂಕಿನ ಮಡಿಕೆಯಲ್ಲಿ, ಅಲ್ಲಿನದೇ ತೆಗೀಬೇಕು. ಆದರೆ ಅಲ್ಲಿ ರೋಟರಿನ ಭಾರವೂ ಬಂದು ಕೂತಿದೆ, ಜ್ಯಾಕ್ ಹಚ್ಚಿ ಎತ್ತದೆ ಶೆಲ್ ಹೊರಳಲ್ಲ, ಎತ್ತಿದರೆ ಇಷ್ಟು ವರ್ಷ ಅಲುಗದೆ ಕೂತ ಅಲೈನ್‌ಮೆಂಟು ಕೆಟ್ಟರೆ?