ನಕುರುವಿನ ಅನಾಥಾಶ್ರಮಕ್ಕೆ ಸೇವೆಗೆ ಹೊರಡುವವರು ಏಜೆಂಟರಿಗೆ ದುಡ್ಡು ಕೊಡಬೇಡಿ

ಕೀನ್ಯಾದ ನಕುರು ನಗರದಲ್ಲಿ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಅನಾಥಾಶ್ರಮವೊಂದರಲ್ಲಿ ಸೇವೆ ಮಾಡಿ ಮಂಗಳೂರಿಗೆ ಮರಳಿದ್ದೇನೆ. ನಮ್ಮ ಚರ್ಚುಗಳಲ್ಲಿ ಇಂಥ ಸೇವೆಗೆ ಹೋಗಬೇಕೆಂದು ಆಸೆಪಡುವ ಯುವಕ ಯುವತಿಯರು, ನಿವೃತ್ತ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಸಿಟ್ಟಿನಿಂದಲೇ.

ಸಿಟ್ಟು ಮಧ್ಯವರ್ತಿಗಳ ಮೇಲೆ. ಸ್ವಯಂಸೇವಕರನ್ನು ಅನಾಥಾಶ್ರಮಗಳಿಗೆ ಕಳುಹಿಸುವ ಸಂಸ್ಥೆಯೊಂದು ವಾರಕ್ಕಿಷ್ಟು ಡಾಲರ್ ಎಂದು ನನ್ನಿಂದ ಶುಲ್ಕ ತೆಗೆದುಕೊಂಡಿತು. ಅದರಲ್ಲೊಂದು ಪಾಲು ಮಕ್ಕಳ ಊಟಕ್ಕೆ ಹೋಗುತ್ತದೆ ಎಂದು ಹೇಳಿತ್ತು. ನಕುರು ತಲುಪಿ ಸುಪೀರಿಯರ್ ಸಿಸ್ಟರ್ ಹತ್ತಿರ ಕೇಳಿದರೆ, ಅವರಿಗೆ ಆ ಹಣದ ಸುದ್ದಿಯೇ ಇರಲಿಲ್ಲ. "ಅವರು ನಮಗೆ ಜನರನ್ನು ಕಳುಹಿಸುತ್ತಾರೆ, ಹಣ ಕಳುಹಿಸಿದ್ದು ಇಲ್ಲ" ಎಂದರು. ನೈರೋಬಿಯಲ್ಲಿ ಇಳಿದ ರಾತ್ರಿ ತಂಗಲು ಅದೇ ಸಂಸ್ಥೆ ಗೊತ್ತು ಮಾಡಿದ ಕೋಣೆಯೂ ಡಾಲರ್ ಲೆಕ್ಕದ್ದೇ. ನೈರೋಬಿ ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಜುಲೈ ತಿಂಗಳ ಚಳಿ ಮೂಳೆಗೆ ಇಳಿಯುತ್ತದೆ. ಆ ಕೋಣೆಯಲ್ಲಿ ಬಿಸಿನೀರಿಲ್ಲ, ಕೊಟ್ಟ ಕಂಬಳಿ ಬೆಡ್‌ಶೀಟಿಗಿಂತ ತೆಳು. ಆಮೇಲೆ ತಿಳಿಯಿತು, ನೈರೋಬಿಯಲ್ಲಿ ಕಾನ್ವೆಂಟುಗಳೇ ನಡೆಸುವ ಅತಿಥಿಗೃಹಗಳಿವೆ. ಊಟ ಸಮೇತ ಕಡಿಮೆ ದರ, ಹಾಸಿಗೆ ಬಿಸಿಲಿಗೆ ಹಾಕಿ ಒಣಗಿಸಿದಷ್ಟು ಶುಚಿ. ರಾತ್ರಿ ಬೇಗ ಗೇಟು ಮುಚ್ಚುತ್ತಾರೆ ಎನ್ನುವುದೊಂದೇ ಕಟ್ಟಳೆ. ನನಗಂತೂ ಅದು ನೆಮ್ಮದಿಯೇ ಆಯಿತು.

ಹಾಗಾದರೆ ಹೋಗುವುದು ಹೇಗೆ? ನಮ್ಮ ಜಿಲ್ಲೆಯ ಎಷ್ಟೋ ಸಿಸ್ಟರುಗಳು, ಪಾದ್ರಿಗಳು ಪೂರ್ವ ಆಫ್ರಿಕಾದಲ್ಲಿ ದುಡಿಯುತ್ತಿದ್ದಾರೆ. ನಿಮ್ಮ ಚರ್ಚಿನ ಧರ್ಮಗುರುಗಳ ಮೂಲಕ ನೇರವಾಗಿ ಅವರ ಸಂಸ್ಥೆಗೆ ಪತ್ರ ಬರೆಯಿರಿ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಮಾಡಿಸಿ ಅದರ ಜೊತೆಗಿಡಿ. ಇದನ್ನು ಕೇಳದೆಯೇ ಮಕ್ಕಳ ನಡುವೆ ಬಿಡುವ ಆಶ್ರಮವಿದ್ದರೆ ಅಲ್ಲಿಗೆ ಹೋಗಲೇಬೇಡಿ. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಅದು ಪ್ರವಾಸಿಗೆ ಸಾಕು, ಸೇವೆಗೆ ಸಾಲದು. ಸಂಬಳವಿಲ್ಲದ ಕೆಲಸವಾದರೂ ಕರೆಸಿಕೊಳ್ಳುವ ಸಂಸ್ಥೆ ವಲಸೆ ಇಲಾಖೆಯಿಂದ ಪಾಸ್ ಪಡೆಯಬೇಕು. "ಪ್ರವಾಸಿ ಎಂದು ಹೇಳಿ ಒಳಗೆ ಬನ್ನಿ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

ನೈರೋಬಿಯಿಂದ ನಕುರುವಿಗೆ ಸುಮಾರು 160 ಕಿಲೋಮೀಟರ್. ಮತಾತು ಎಂಬ ವ್ಯಾನುಗಳು ಓಡುತ್ತವೆ, ತುಂಬಿದ ಮೇಲೆಯೇ ಹೊರಡುತ್ತವೆ. ಮತಾತುವಿನ ಏಜೆಂಟ್ ಹುಡುಗನೊಬ್ಬ ನನ್ನ ಚೀಲ ಎಳೆದುಕೊಂಡು ಹೋಗಿ, ಒಂದೇ ಸೀಟು ಖಾಲಿ ಇದ್ದ ವ್ಯಾನಿನಲ್ಲಿ ಕೂರಿಸಿ ದುಡ್ಡು ಪಡೆದ. ಕೂತ ಮೇಲೆ ಒಬ್ಬೊಬ್ಬರಾಗಿ ಜನ ಇಳಿದುಹೋದರು. ವ್ಯಾನು ತುಂಬಿದಂತೆ ಕಾಣಲೆಂದು ಕೂಲಿ ಕೊಟ್ಟು ಕೂರಿಸಿದವರು ಅವರು! ನಿಜವಾದ ಪ್ರಯಾಣಿಕರು ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು, ಚೀಲಕ್ಕೆ ಬೇರೆ ದುಡ್ಡು ಕೇಳಿದರು. ಆದ್ದರಿಂದ ಒಳಗಿರುವವರ ಕೈಯಲ್ಲಿ ಗಂಟು ಚೀಲ ಇದೆಯೇ ನೋಡಿ ಹತ್ತಿ, ಬೆಳಿಗ್ಗೆಯೇ ಹೊರಡಿ, ಗಾಡಿ ಕದಲುವ ಮುನ್ನ ಹಣ ಕೊಡಬೇಡಿ. ಮಾಯಿ ಮಹಿಯು ಎಂಬ ಊರಿನ ಕಡೆಯ ಹಳೆಯ ಘಾಟಿ ರಸ್ತೆಯಲ್ಲಿ ಹೋದರೆ, ಇಟಲಿಯ ಯುದ್ಧಕೈದಿಗಳು 1942ರಲ್ಲಿ ಕಟ್ಟಿದ ಪುಟ್ಟ ಪ್ರಾರ್ಥನಾಲಯ ರಸ್ತೆಯ ಪಕ್ಕದಲ್ಲೇ ಕಾಣುತ್ತದೆ. ಆ ರಸ್ತೆ ಮಾಡಲು ದುಡಿದವರೂ ಅವರೇ.

ಆಶ್ರಮದ ದಿನಚರಿ ಬೆಳಕು ಹರಿಯುವ ಮೊದಲೇ ಶುರು. ಸಿಸ್ಟರುಗಳ ಪ್ರಾರ್ಥನೆ, ಬಲಿಪೂಜೆ (ಚರ್ಚಿನ ಮಾಸ್), ಆಮೇಲೆ ಮಕ್ಕಳಿಗೆ ಉಜಿ. ಉಜಿ ಎಂದರೆ ಗಂಜಿ, ಅದನ್ನು ಮಾಡುವ ವಿಂಬಿ ಹಿಟ್ಟು ಬೇರೇನಲ್ಲ, ನಮ್ಮ ರಾಗಿ. ರಾಗಿಯ ಮೂಲ ನೆಲೆಯೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಅಲ್ಲಿ ಸಕ್ಕರೆ ಹಾಕಿ ಕುಡಿಯುತ್ತಾರೆ, ನಾನು ಉಪ್ಪು ಮಜ್ಜಿಗೆ ಹಾಕಿ ಕುಡಿಯುವುದನ್ನು ಕಂಡು ಅಡುಗೆಯ ಹೆಂಗಸರು ಅಚ್ಚರಿಪಟ್ಟರು. ಮಕ್ಕಳು ಶಾಲೆಗೆ ಹೋದ ಮೇಲೆ ನಿಜವಾದ ಕೆಲಸ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಚಿಕ್ಕವರ ಬೆಡ್‌ಶೀಟುಗಳು, ಸಮವಸ್ತ್ರಗಳು, ಎಲ್ಲವೂ ಕೈಯಲ್ಲೇ ಒಗೆಯುವುದು. ತಣ್ಣೀರಿಗೆ ಬೆರಳ ಸಂದಿ ಒಡೆಯುತ್ತದೆ, ತೆಂಗಿನೆಣ್ಣೆ ಒಯ್ಯಿರಿ. ಮೋಡದ ದಿನಗಳಲ್ಲಿ ಏನೂ ಒಣಗುವುದಿಲ್ಲ. ಸಂಜೆ ಹೋಮ್‌ವರ್ಕ್, ಜಪಸರ ಪ್ರಾರ್ಥನೆ, ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮತ್ತು ಸೊಪ್ಪಿನ ಪಲ್ಯ.

ಮಕ್ಕಳನ್ನು ಎತ್ತಿ ಮುದ್ದಾಡಲೆಂದು ಹೋಗುವವರು ದಯವಿಟ್ಟು ಹೋಗಬೇಡಿ. ಕೆಲವು ವಾರ ಜೊತೆಗಿದ್ದು ಹೊರಟುಹೋಗುವವರನ್ನು ಆ ಮಕ್ಕಳು ಈಗಾಗಲೇ ಬೇಕಾದಷ್ಟು ಕಂಡಿವೆ. ಹೊಸಬರು ಬಂದ ಗಳಿಗೆಯಲ್ಲೇ ಬಂದು ಕುತ್ತಿಗೆಗೆ ಜೋತುಬೀಳುವ ಮಗುವನ್ನು ನೋಡಿ ನನಗೆ ಸಂತೋಷವಾಗಲಿಲ್ಲ, ಸಂಕಟವಾಯಿತು. ಅನೇಕರಿಗೆ ತಾಯಿಯೋ ಅಜ್ಜಿಯೋ ಇದ್ದಾರೆ, ಬಡತನ ಅವರನ್ನು ಇಲ್ಲಿಗೆ ತಂದಿದೆ. ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳಿಗೆ ಮರಳಿಸಲು ಕೀನ್ಯಾ ಸರ್ಕಾರ 2022ರಲ್ಲಿ ಹತ್ತು ವರ್ಷಗಳ ಯೋಜನೆ ಪ್ರಕಟಿಸಿದೆ. ನಮ್ಮ ಸಿಸ್ಟರುಗಳೂ ರಜೆಯಲ್ಲಿ ಮಕ್ಕಳನ್ನು ಸಂಬಂಧಿಕರ ಮನೆಗೆ ಕಳುಹಿಸುತ್ತಾರೆ, ಅವರ ಮನೆಗಳಿಗೆ ಹೋಗಿ ನೋಡಿಕೊಂಡು ಬರುತ್ತಾರೆ. ನಾವು ಒಗೆಯುವ, ತರಕಾರಿ ಹೆಚ್ಚುವ, ಲೆಕ್ಕದ ಪುಸ್ತಕ ಬರೆಯುವ ಕೆಲಸ ವಹಿಸಿಕೊಂಡರೆ ಸದಾ ಅಲ್ಲೇ ಇರುವ ಅವರಿಗೆ ಮಕ್ಕಳ ಜೊತೆ ಕೂರಲು ಸಮಯ ಸಿಗುತ್ತದೆ. ಸೇವೆ ಅದೇ. ಮಕ್ಕಳ ಫೋಟೊ ತೆಗೆಯುವುದು ಅಲ್ಲಿ ನಿಷಿದ್ಧ, ಹಾಗೇ ಇರಬೇಕು.

ಹೊರಗೆ ಊಟ ಮಾಡುವುದಾದರೆ ಮಾರುಕಟ್ಟೆಯ ಹಿಂದಿನ ಕಿಬಂಡಾ ಎಂಬ ತಗಡಿನ ಊಟದ ಗೂಡಂಗಡಿಗಳಿಗೇ ಹೋಗಿ. ನಾನು ಹೋಗುತ್ತಿದ್ದ ಕಡೆ ಒಬ್ಬ ತಾಯಿ ಇದ್ದಿಲ ಒಲೆಯ ಮೇಲೆ ಚಪಾತಿ ಸುಡುತ್ತಿದ್ದರು. ಹಿಟ್ಟನ್ನು ಎಣ್ಣೆ ಸವರಿ ಸುರುಳಿ ಸುತ್ತಿ ಮತ್ತೆ ಲಟ್ಟಿಸುತ್ತಾರೆ, ಹರಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಜೊತೆಗೆ ಟೊಮೆಟೊ, ಈರುಳ್ಳಿ ಹಾಕಿ ಗಂಟೆಗಟ್ಟಲೆ ಬೇಯಿಸಿದ ಕೆಂಪು ಹುರುಳಿಕಾಯಿ ಬೀಜ, ಬದಿಗೆ ಕಚುಂಬರಿ ಎಂಬ ಹಸಿ ಟೊಮೆಟೊ, ಈರುಳ್ಳಿಯ ಪಚ್ಚಡಿ. ಖಾರ ಬೇಕೆಂದರೆ ಮೆಣಸಿನಕಾಯಿ ಬೇರೆ ಕೊಡುತ್ತಾರೆ. ಹಾಲಿನಲ್ಲೇ ಕುದಿಸಿದ ಶುಂಠಿ ಚಹಾ ಲೋಟದ ತುಂಬ. ಇಷ್ಟಕ್ಕೆ ಕೊಟ್ಟ ಹಣದಲ್ಲಿ ನೈರೋಬಿಯ ಆ ಕೋಣೆಯವರು ಒಂದು ಬಾಟಲಿ ನೀರೂ ಕೊಡಲಿಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವಿಗೆ ರೈಲು ಹಳಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆತಂದರು. ಚಪಾತಿ ಆ ನಾಡಿಗೆ ಹೋದದ್ದು ಭಾರತೀಯರ ಜೊತೆಯಲ್ಲೇ. ಆಶ್ರಮದಲ್ಲಿ ಚಪಾತಿ ಹಬ್ಬದ ಅಡುಗೆ. ನೀವು ಏನಾದರೂ ಕೊಡಬೇಕೆಂದಿದ್ದರೆ ಮಿಠಾಯಿ ಬೇಡ, ಒಂದು ಭಾನುವಾರಕ್ಕೆ ಗೋಧಿ ಹಿಟ್ಟು ಮತ್ತು ಎಣ್ಣೆ ಕೊಡಿಸಿ, ಲಟ್ಟಿಸಲು ಕೈಜೋಡಿಸಿ.

ನೀರಿನ ವಿಷಯದಲ್ಲಿ ಹುಷಾರು. ನಕುರು ಇರುವುದು ಭೂಮಿ ಬಿರಿದು ಉಂಟಾದ ರಿಫ್ಟ್ ಕಣಿವೆಯಲ್ಲಿ, ಅಲ್ಲಿನ ಅಂತರ್ಜಲದಲ್ಲಿ ನಮ್ಮ ಪಾವಗಡದ ಕಡೆಯಂತೆ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಕಂದು ಕಲೆಗಳಿಗೆ ಅದೇ ಕಾರಣ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಕುರುವಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯವೇ ಸುಟ್ಟ ಮೂಳೆಯ ಇದ್ದಿಲಿನಿಂದ ಸೋಸುವ ಘಟಕಗಳನ್ನು ಮಾಡಿದೆ, ಅಂಥ ನೀರು ಎಲ್ಲಿ ಸಿಗುತ್ತದೆ ಎಂದು ಸಿಸ್ಟರುಗಳನ್ನು ಕೇಳಿ.

ಕೊನೆಗೊಂದು, ಏಜೆಂಟರು ಹೇಳದೇ ಬಿಟ್ಟದ್ದು. ಭಾರತದಿಂದ ನೇರವಾಗಿ ಹೋಗುವಾಗ ಹಳದಿ ಜ್ವರದ ಲಸಿಕೆಯ ಬಗ್ಗೆ ಕೀನ್ಯಾದಲ್ಲಿ ಯಾರೂ ಕೇಳಲಿಲ್ಲ. ಆದರೆ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಪ್ರಮಾಣಪತ್ರ ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಪತ್ರಕ್ಕೆ ಮಾನ್ಯತೆ, ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇಡಿ.